ಹಳೇ ಫಿಯೆಟ್‌ಗೆ ಹೊಸ ಕಿಡಿ: ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಬೇಕಾ?

ಹಳೇ ಪೆಟ್ರೋಲ್ ಕಾರು ಇರೋ ಮನೆಗಳಲ್ಲಿ ಕೆಲವು ಮಾತು ಕಾಮನ್. "ಬೆಳಿಗ್ಗೆ ಸ್ಟಾರ್ಟ್ ಆಗಲ್ಲ", "ಏರಿನಲ್ಲಿ ಮಿಸ್ಸಿಂಗ್ ಹೊಡೆಯುತ್ತೆ", "ಪಿಕಪ್ ಇಲ್ಲ". ಇದಕ್ಕೆ ಪಕ್ಕದವರ ಸಲಹೆ ಎರಡೇ ಥರ ಇರುತ್ತೆ. ಒಂದು, "ಗುಜರಿಗೆ ಹಾಕಿ". ಇನ್ನೊಂದು, "ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿ, ಗಾಡಿ ಹಾರುತ್ತೆ". ಎರಡನೇ ಸಲಹೆ ಎಷ್ಟು ನಿಜ, ಎಷ್ಟು ಬರೀ ಮಾತು ಅನ್ನೋದನ್ನ ನಾವು ಫಸ್ಟ್ ಇಯರ್‌ನಲ್ಲಿ ಓದಿದ ಬೇಸಿಕ್ ಎಲೆಕ್ಟ್ರಿಕಲ್ ಇಟ್ಟುಕೊಂಡೇ ನೋಡಬಹುದು. ಆರ್, ಎಲ್, ಸಿ ಬಿಟ್ಟು ಬೇರೇನೂ ಬೇಕಾಗಿಲ್ಲ. ಮೆಕ್ಯಾನಿಕಲ್‌ನವರು, ಇಸಿಯವರು ಇಬ್ಬರೂ ಓದಬಹುದು. ಸಿಎಸ್‌ನವರೂ ಓದಿ, ಕೊನೆಗೆ ಇದು ಒಂದು ಸ್ವಿಚ್ಚಿನ ಕಥೆ.

ಉದಾಹರಣೆಗೆ ನಾನು ಪ್ರೀಮಿಯರ್ ಪದ್ಮಿನಿ ಕಾರನ್ನು ತೆಗೆದುಕೊಳ್ಳುತ್ತೇನೆ. ನಮ್ಮ ಕಡೆ ಅದನ್ನ ಇವತ್ತಿಗೂ ಎಲ್ಲರೂ "ಫಿಯೆಟ್" ಅಂತಲೇ ಕರೀತಾರೆ. ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದ, 1089 ಸಿಸಿ, ನಾಲ್ಕು ಸಿಲಿಂಡರ್‌ನ ಕಾರು. ಅಂಬಾಸಿಡರ್ ಪೆಟ್ರೋಲ್ ಗಾಡಿಗೂ ಇಲ್ಲಿ ಹೇಳೋದು ಹೆಚ್ಚುಕಡಿಮೆ ಹಾಗೇ ಅನ್ವಯಿಸುತ್ತೆ.

ಕಿಡಿ ಎಲ್ಲಿಂದ ಬರುತ್ತೆ?

ಬ್ಯಾಟರಿ 12 ವೋಲ್ಟ್. ಸ್ಪಾರ್ಕ್ ಪ್ಲಗ್‌ನ ಅರ್ಧ ಮಿಲಿಮೀಟರ್ ಚಿಲ್ಲರೆ ಗ್ಯಾಪ್‌ನಲ್ಲಿ, ಅದೂ ಒತ್ತಿ ಹಿಡಿದ ಪೆಟ್ರೋಲ್-ಗಾಳಿ ಮಿಶ್ರಣದ ಒಳಗೆ, ಕಿಡಿ ಹಾರಬೇಕಂದ್ರೆ ಹತ್ತಾರು ಸಾವಿರ ವೋಲ್ಟ್ ಬೇಕು. 12ರಿಂದ ಅಲ್ಲಿಗೆ ಹೋಗೋದು ಹೇಗೆ? ಇದಕ್ಕೆ 1910ರ ಸುಮಾರಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಕೊಟ್ಟ ಉತ್ತರವೇ ನಮ್ಮ ಫಿಯೆಟ್‌ವರೆಗೂ ನಡೆದು ಬಂತು.

ಇಗ್ನಿಷನ್ ಕಾಯಿಲ್ ಅಂದ್ರೆ ಒಂದು ಟ್ರಾನ್ಸ್‌ಫಾರ್ಮರ್. ಪ್ರೈಮರಿಯಲ್ಲಿ ಕೆಲವು ನೂರು ಸುತ್ತು, ಸೆಕೆಂಡರಿಯಲ್ಲಿ ಸಾವಿರಾರು ಸುತ್ತು. ಡಿಸಿಯಲ್ಲಿ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡಲ್ಲ, ಗೊತ್ತಿರೋದೇ. ಹಾಗಾಗಿ ಮೊದಲು ಪ್ರೈಮರಿಯಲ್ಲಿ ಕರೆಂಟ್ ತುಂಬಿಸಿ, ಆಮೇಲೆ ಥಟ್ಟನೆ ಕಟ್ ಮಾಡಬೇಕು. ಕರೆಂಟ್ ಎಷ್ಟು ಬೇಗ ಕುಸಿಯುತ್ತೋ ಅಷ್ಟು ಹೆಚ್ಚು ವೋಲ್ಟೇಜ್. ಕಟ್ ಆದ ಕ್ಷಣ ಪ್ರೈಮರಿಯಲ್ಲೇ 200–300 ವೋಲ್ಟ್ ಏಳುತ್ತೆ, ಸೆಕೆಂಡರಿಯಲ್ಲಿ ಅದು ಸುಮಾರು ನೂರು ಪಟ್ಟಾಗುತ್ತೆ.

ಈ "ತುಂಬಿಸು, ಕಟ್ ಮಾಡು" ಕೆಲಸ ಮಾಡೋ ಸ್ವಿಚ್ಚೇ ಪಾಯಿಂಟ್, ಅಂದ್ರೆ ಕಾಂಟ್ಯಾಕ್ಟ್ ಬ್ರೇಕರ್. ಡಿಸ್ಟ್ರಿಬ್ಯೂಟರ್ ಒಳಗೆ ನಾಲ್ಕು ಮೂಲೆಯ ಒಂದು ಕ್ಯಾಮ್ ತಿರುಗುತ್ತಿರುತ್ತೆ. ಒಂದೊಂದು ಮೂಲೆ ಬಂದಾಗಲೂ ಪಾಯಿಂಟನ್ನು ತಳ್ಳಿ ಬಿಡಿಸುತ್ತೆ. ಬಿಟ್ಟ ಗಳಿಗೆಯೇ ಕಿಡಿಯ ಗಳಿಗೆ. ಮೇಲಿನ ರೋಟರ್ ಆ ಹೈ ವೋಲ್ಟೇಜನ್ನ 1-3-4-2 ಅನ್ನೋ ಫೈರಿಂಗ್ ಆರ್ಡರ್‌ನಲ್ಲಿ ಪ್ಲಗ್‌ಗಳಿಗೆ ಹಂಚುತ್ತೆ.

ಆ ಪ್ಲಗ್ ವಿಷಯದಲ್ಲಿ ನಮ್ಮ ರಾಜ್ಯದ ಪಾಲೂ ಇದೆ. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದ್ರೆ ಮೈಕೋ, ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ ಮಾಡುತ್ತಿತ್ತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಆಯ್ತು. ಆದರೂ ಮೈಕೋ ಲೇಔಟ್ ಅನ್ನೋ ಬಡಾವಣೆ ಹೆಸರಲ್ಲಿ, ಮತ್ತೆ ನಮ್ಮೂರ ಹಳೇ ಮೆಕ್ಯಾನಿಕ್‌ಗಳ ಬಾಯಲ್ಲಿ, ಮೈಕೋ ಇನ್ನೂ ಇದೆ.

ಪಾಯಿಂಟ್‌ನ ಕಷ್ಟಗಳು

ಪಾಯಿಂಟ್ ಎರಡು ಕೆಲಸ ಒಟ್ಟಿಗೆ ಮಾಡುತ್ತೆ. "ಈಗ ಕಿಡಿ ಬೇಕು" ಅಂತ ಟೈಮ್ ಹೇಳೋದೂ ಅದೇ, 4 ಆಂಪಿಯರ್ ಕರೆಂಟನ್ನು ಕಟ್ ಮಾಡೋದೂ ಅದೇ. ಗಡಿಯಾರ ಮತ್ತೆ ಸ್ವಿಚ್, ಎರಡೂ ಒಂದೇ ಸಣ್ಣ ಲೋಹದ ತುಂಡು. ಎಲ್ಲಾ ತೊಂದರೆ ಇಲ್ಲಿಂದಲೇ.

ಒಂದು, ಸುಡೋದು. ಕರೆಂಟ್ ಹರಿಯುತ್ತಿರೋ ಇಂಡಕ್ಟರನ್ನು ಕಟ್ ಮಾಡಿದರೆ ಅದು ಸುಮ್ಮನಿರಲ್ಲ, ಪಾಯಿಂಟ್ ಗ್ಯಾಪ್‌ನಲ್ಲೇ ಆರ್ಕ್ ಹಾರಿಸುತ್ತೆ. ಅದನ್ನು ತಡೆಯೋಕೆ ಪಾಯಿಂಟ್‌ಗೆ ಪ್ಯಾರಲಲ್ ಆಗಿ ಸುಮಾರು 0.2 ಮೈಕ್ರೋಫ್ಯಾರಡ್ ಕಂಡೆನ್ಸರ್ ಇರುತ್ತೆ. ಅದು ವೋಲ್ಟೇಜ್ ಏರೋದನ್ನ ಸ್ವಲ್ಪ ತಡ ಮಾಡಿ, ಅಷ್ಟರಲ್ಲಿ ಪಾಯಿಂಟ್ ಪೂರ್ತಿ ಬಿಡೋಕೆ ಟೈಮ್ ಕೊಡುತ್ತೆ. ಕಂಡೆನ್ಸರ್ ಚೆನ್ನಾಗಿದ್ದರೂ ಸ್ವಲ್ಪ ಆರ್ಕ್ ಇದ್ದೇ ಇರುತ್ತೆ. ದಿನ ಕಳೆದಂತೆ ಒಂದು ಕಡೆ ಗುಂಡಿ, ಇನ್ನೊಂದು ಕಡೆ ಗುಬ್ಬಿ ಬೆಳೆಯುತ್ತೆ.

ಎರಡು, ಸವೆಯೋದು. ಕ್ಯಾಮ್‌ಗೆ ಉಜ್ಜೋ ಫೈಬರ್ ಹೀಲ್ ಸವೆದಂತೆ ಗ್ಯಾಪ್ ಕಮ್ಮಿಯಾಗುತ್ತೆ. ಗ್ಯಾಪ್ ಕಮ್ಮಿ ಆದ್ರೆ ಪಾಯಿಂಟ್ ತಡವಾಗಿ ಬಿಡುತ್ತೆ, ಟೈಮಿಂಗ್ ಹಿಂದೆ ಬೀಳುತ್ತೆ. ಮಾಲೀಕರಿಗೆ ಗೊತ್ತಾಗೋದು "ಗಾಡಿ ಎಳೀತಿಲ್ಲ" ಅಂತ ಅಷ್ಟೇ.

ಮೂರು, ಅಲುಗಾಟ. ನಲವತ್ತು ವರ್ಷದ ಡಿಸ್ಟ್ರಿಬ್ಯೂಟರ್‌ನಲ್ಲಿ ಶಾಫ್ಟ್‌ನ ಬುಷ್ ಸವೆದಿರುತ್ತೆ. ಪಾಯಿಂಟ್ ಗ್ಯಾಪ್ ಇರೋದೇ ಸುಮಾರು 0.4 ಮಿಲಿಮೀಟರ್. ಶಾಫ್ಟ್ ಬರೀ 0.1 ಮಿಲಿಮೀಟರ್ ಆಕಡೆ ಈಕಡೆ ಆಡಿದರೂ ಗ್ಯಾಪ್‌ನಲ್ಲಿ 25% ವ್ಯತ್ಯಾಸ. ಫೀಲರ್ ಗೇಜ್ ಹಾಕಿ ಎಷ್ಟು ಚೆನ್ನಾಗಿ ಸೆಟ್ ಮಾಡಿದರೂ ಒಂದೊಂದು ಸಿಲಿಂಡರ್‌ಗೆ ಒಂದೊಂದು ಟೈಮಿಂಗ್. ಇದನ್ನ ಹೊಸ ಪಾಯಿಂಟ್ ಹಾಕಿ ಸರಿ ಮಾಡೋಕಾಗಲ್ಲ.

ಲೆಕ್ಕ ಹಾಕೋಣ

ನಾಲ್ಕು ಸಿಲಿಂಡರ್, ಫೋರ್ ಸ್ಟ್ರೋಕ್ ಇಂಜಿನ್‌ಗೆ ಒಂದು ಸುತ್ತಿಗೆ ಎರಡು ಕಿಡಿ. 3000 ಆರ್‌ಪಿಎಂನಲ್ಲಿ ನಿಮಿಷಕ್ಕೆ 6000, ಅಂದ್ರೆ ಸೆಕೆಂಡಿಗೆ 100 ಕಿಡಿ. ಒಂದು ಕಿಡಿಗೆ ಸಿಗೋ ಟೈಮ್ 10 ಮಿಲಿಸೆಕೆಂಡ್. ಅದರಲ್ಲಿ ಪಾಯಿಂಟ್ ಮುಚ್ಚಿರೋದು (ಡ್ವೆಲ್) ಸುಮಾರು 60% ಅಂತ ಇಟ್ಟುಕೊಳ್ಳೋಣ. ಕಾಯಿಲ್ ಪ್ರೈಮರಿ 3 ಓಮ್, 8 ಮಿಲಿಹೆನ್ರಿ ಅಂತ ಹಿಡಿಯೋಣ. ಟೈಮ್ ಕಾನ್‌ಸ್ಟಂಟ್ ಎಲ್ ಬೈ ಆರ್, ಸುಮಾರು 2.7 ಮಿಲಿಸೆಕೆಂಡ್. ಪೂರ್ತಿ ತುಂಬಿದರೆ ಕರೆಂಟ್ 12 ಬೈ 3, ಅಂದ್ರೆ 4 ಆಂಪಿಯರ್. ಎನರ್ಜಿ ಅಂದ್ರೆ ಅರ್ಧ ಎಲ್ ಐ ಸ್ಕ್ವೇರ್. ಈಗ ನೋಡಿ:

1000 ಆರ್‌ಪಿಎಂ: ತುಂಬೋಕೆ 18 ಮಿಲಿಸೆಕೆಂಡ್, ಕರೆಂಟ್ 4 ಆಂಪಿಯರ್, ಎನರ್ಜಿ 64 ಮಿಲಿಜೂಲ್.
3000 ಆರ್‌ಪಿಎಂ: 6 ಮಿಲಿಸೆಕೆಂಡ್, ಸುಮಾರು 3.6 ಆಂಪಿಯರ್, 51 ಮಿಲಿಜೂಲ್.
5000 ಆರ್‌ಪಿಎಂ: 3.6 ಮಿಲಿಸೆಕೆಂಡ್, ಸುಮಾರು 3 ಆಂಪಿಯರ್, 35 ಮಿಲಿಜೂಲ್.

ಇಂಜಿನ್ ಜೋರಾಗಿ ತಿರುಗಿದಷ್ಟೂ ಕಿಡಿ ಸಣ್ಣದಾಗುತ್ತೆ. ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಪಾಯಿಂಟ್ ತೆಗೆದು ಟ್ರಾನ್ಸಿಸ್ಟರ್ ಹಾಕಿ, ಅದೇ ಕಾಯಿಲ್, ಅದೇ ಡ್ವೆಲ್ ಇಟ್ಟರೆ ಈ ಪಟ್ಟಿ ಬದಲಾಗಲ್ಲ! ಕಾಯಿಲ್‌ಗೆ ತನ್ನನ್ನು ತುಂಬಿಸ್ತಿರೋದು ಪಾಯಿಂಟಾ, ಟ್ರಾನ್ಸಿಸ್ಟರಾ ಅಂತ ಗೊತ್ತಿರಲ್ಲ. ಎಲ್ ಬೈ ಆರ್ ಅಷ್ಟೇ ಇರುತ್ತೆ. ಹಾಗಾಗಿ "ಎಲೆಕ್ಟ್ರಾನಿಕ್ ಹಾಕಿದರೆ ಪವರ್ ಜಾಸ್ತಿ" ಅನ್ನೋ ಮಾತನ್ನ ಹಾಗೇ ನಂಬಬೇಡಿ. ಪಾಯಿಂಟ್ ಸರಿ ಇದ್ದ ಗಾಡಿಯಲ್ಲಿ ಪವರ್, ಮೈಲೇಜ್ ಹೆಚ್ಚುಕಡಿಮೆ ಮೊದಲಿದ್ದಷ್ಟೇ ಇರುತ್ತೆ. ನಾವು ದುಡ್ಡು ಕೊಡ್ತಿರೋದು ದೊಡ್ಡ ಕಿಡಿಗಲ್ಲ. ಪ್ರತಿ ಸಲ, ಸರಿಯಾದ ಟೈಮಿಗೆ, ತಪ್ಪದೆ ಬರೋ ಕಿಡಿಗೆ.

ಗಾದಿಗನೂರಿನ ಪದ್ಮಿನಿ

ನಮ್ಮೂರು ಗಾದಿಗನೂರು. ಹೊಸಪೇಟೆಯಿಂದ ಬಳ್ಳಾರಿ ಕಡೆ ಹೋಗುವಾಗ ತೋರಣಗಲ್ಲಿಗಿಂತ ಮೊದಲು ಸಿಗುತ್ತೆ. ಕೆಂಪು ಧೂಳು, ಬೇಸಿಗೆಯಲ್ಲಿ 40 ಡಿಗ್ರಿ ದಾಟೋ ಬಿಸಿಲು, ರೋಡ್ ತುಂಬಾ ಲಾರಿ. ಅಂಥ ಹೈವೇಯಲ್ಲಿ ಹಿಂದೆ ಲಾರಿ ಬರ್ತಿರುವಾಗ ಕಾರು ನಿಂತರೆ ಅದು ಬರೀ ಮೆಕ್ಯಾನಿಕಲ್ ಪ್ರಾಬ್ಲಂ ಅಲ್ಲ. ನಮ್ಮ ಮಾವನ ಹತ್ತಿರ ಒಂದು ಪದ್ಮಿನಿ ಇದೆ. ಅಜ್ಜಿಯನ್ನ ಹೊಸಪೇಟೆ ಆಸ್ಪತ್ರೆಗೆ ಕರೆದುಕೊಂಡು ಹೋಗೋದು ಅದರಲ್ಲೇ. ಕಳೆದ ರಜೆಯಲ್ಲಿ ಅದು ಬಿಸಿಯಾದಾಗ ಮಿಸ್ಸಿಂಗ್ ಶುರು ಮಾಡಿತ್ತು. ಆರ್‌ಸಿ ರಿನ್ಯೂವಲ್ ಬೇರೆ ಹತ್ತಿರ ಬಂದಿತ್ತು. ತೋರಿಸಿದ ಕಡೆ "ಇಂಜಿನ್ ಇಳಸಬೇಕ್ರೀ" ಅಂದಿದ್ದರು. ಅಷ್ಟು ಖರ್ಚು ಮಾಡೋ ಬದಲು ಮಾರಿಬಿಡೋಣ ಅಂತ ಮನೆಯಲ್ಲಿ ಮಾತು ನಡೆದಿತ್ತು.

"ಏನಪಾ ಇಂಜಿನಿಯರ್ರು, ಇಟ್ಕಳ್ಳಾದಾ, ಮಾರಾದಾ?" ಅಂದರು ಮಾವ.

"ಮೊದ್ಲು ಅಳತಿ ಮಾಡಾಮು ಮಾವ, ಆಮ್ಯಾಲ ಹೇಳ್ತೀನಿ" ಅಂದೆ.

ಇಬ್ಬರೂ ಸೇರಿ ಮಾಡಿದ್ದು ಒಂದು ಸಿಂಪಲ್ ಟೆಸ್ಟ್. ಮಲ್ಟಿಮೀಟರ್ ಇದ್ದರೆ ನೀವೂ ಮಾಡಬಹುದು. ಇಂಜಿನ್ ಆಫ್, ಪಾಯಿಂಟ್ ಮುಚ್ಚಿರೋ ಜಾಗಕ್ಕೆ ಇಂಜಿನ್ ತಿರುಗಿಸಿ ನಿಲ್ಲಿಸಿ, ಕೀ ಆನ್ ಮಾಡಿ. ಕಾಯಿಲ್‌ನ ಮೈನಸ್ ಟರ್ಮಿನಲ್ ಮತ್ತು ಬ್ಯಾಟರಿ ಮೈನಸ್ ನಡುವೆ ವೋಲ್ಟೇಜ್ ನೋಡಿ. ಪಾಯಿಂಟ್, ಅರ್ಥ್ ಎರಡೂ ಸರಿ ಇದ್ದರೆ 0.2 ವೋಲ್ಟ್‌ಗಿಂತ ಕಮ್ಮಿ ಬರಬೇಕು. ನಮ್ಮಲ್ಲಿ ಬಂದಿದ್ದು 0.9. ಸ್ಟಾರ್ಟ್ ಮಾಡುವಾಗ ಬ್ಯಾಟರಿ ಹೇಗೂ 9–10 ವೋಲ್ಟ್‌ಗೆ ಇಳಿಯುತ್ತೆ. ಅದರಲ್ಲಿ 0.9 ಪಾಯಿಂಟ್ ದಾರಿಯಲ್ಲೇ ಹೋದರೆ ಕಾಯಿಲ್‌ಗೆ ಉಳಿಯೋದೇನು?

ಪಾಯಿಂಟ್ ಸುಟ್ಟಿತ್ತು. ಅದರ ಜೊತೆಗೆ ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟ್ ಕೂತಿರೋ ಪ್ಲೇಟ್‌ನಿಂದ ಬಾಡಿಗೆ ಹೋಗೋ ಸಣ್ಣ ಅರ್ಥ್ ವೈರ್ ಎಳೆಎಳೆಯಾಗಿ ಕಿತ್ತುಹೋಗಿತ್ತು. ವ್ಯಾಕ್ಯೂಮ್ ಅಡ್ವಾನ್ಸ್ ಇರೋ ಡಿಸ್ಟ್ರಿಬ್ಯೂಟರ್‌ಗಳಲ್ಲಿ ಆ ಪ್ಲೇಟ್ ಸದಾ ಆಕಡೆ ಈಕಡೆ ತಿರುಗುತ್ತಿರುತ್ತೆ, ಹಾಗಾಗಿ ಆ ವೈರ್ ಮುರಿಯೋದು ಸಹಜ. ಅರ್ಥ್ ವೈರ್, ಪಾಯಿಂಟ್, ಕಂಡೆನ್ಸರ್ ಹೊಸದು ಹಾಕಿದ ಮೇಲೆ ಮಿಸ್ಸಿಂಗ್ ಬಹುಪಾಲು ಹೋಯಿತು. ಇಂಜಿನ್ ಇಳಿಸೋ ಮಾತೂ ನಿಂತಿತು. ಉಳಿದ ಸ್ವಲ್ಪ ನಡುಕ ಶಾಫ್ಟ್ ಅಲುಗಾಟದ್ದು. ಅದಕ್ಕಾಗಿ ಮಾತ್ರ ನಾವು ಎಲೆಕ್ಟ್ರಾನಿಕ್ ಕಿಟ್ ಕಡೆ ಹೋದೆವು.

ಎಮಿಷನ್ ಟೆಸ್ಟ್‌ಗೂ ಇದಕ್ಕೂ ನೇರ ಸಂಬಂಧ ಇದೆ. ಭಾರತ್ ಸ್ಟೇಜ್ 2ಕ್ಕಿಂತ ಹಿಂದಿನ ಪೆಟ್ರೋಲ್ ಕಾರುಗಳಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ 3%, ಹೈಡ್ರೋಕಾರ್ಬನ್ 1500 ಪಿಪಿಎಂ ಮಿತಿ. ಒಂದು ಸಿಲಿಂಡರ್‌ನಲ್ಲಿ ಕಿಡಿ ತಪ್ಪಿದರೆ ಆ ಸಲದ ಪೆಟ್ರೋಲ್ ಸುಡದೆ ಹಾಗೇ ಸೈಲೆನ್ಸರ್‌ನಲ್ಲಿ ಹೊರಗೆ ಬರುತ್ತೆ, ಹೈಡ್ರೋಕಾರ್ಬನ್ ರೀಡಿಂಗ್ ಏರುತ್ತೆ. ಕಾರ್ಬನ್ ಮಾನಾಕ್ಸೈಡ್ ಸರಿ ಇದ್ದು ಹೈಡ್ರೋಕಾರ್ಬನ್ ಮಾತ್ರ ಜಾಸ್ತಿ ಬಂದರೆ ಕಾರ್ಬ್ಯುರೇಟರ್ ತಿರುಗಿಸೋ ಮೊದಲು ಇಗ್ನಿಷನ್ ನೋಡಿ.

ಯಾವ ಥರದ ಅಪ್‌ಗ್ರೇಡ್?

1. ಟ್ರಾನ್ಸಿಸ್ಟರ್ ಅಸಿಸ್ಟ್: ಪಾಯಿಂಟ್ ಅಲ್ಲೇ ಇರುತ್ತೆ, ಆದರೆ ಟೈಮ್ ಹೇಳೋ ಕೆಲಸ ಮಾತ್ರ ಅದರದ್ದು. 4 ಆಂಪಿಯರ್ ಕಟ್ ಮಾಡೋದು ಹೊರಗಿನ ಟ್ರಾನ್ಸಿಸ್ಟರ್. ಪಾಯಿಂಟ್‌ನಲ್ಲಿ ಸ್ವಲ್ಪವೇ ಕರೆಂಟ್ ಹರಿಯುತ್ತೆ, ಹಾಗಾಗಿ ಸುಡಲ್ಲ. ಹೀಲ್ ಸವೆಯೋದು, ಶಾಫ್ಟ್ ಅಲುಗಾಟ ಹಾಗೇ ಉಳಿಯುತ್ತೆ. ಇಸಿಯವರಿಗೆ ಮಿನಿ ಪ್ರಾಜೆಕ್ಟ್‌ಗೆ ಒಳ್ಳೆ ಐಡಿಯಾ. ಆದರೆ ಕಾಯಿಲ್ ಕಟ್ ಆದಾಗ 300 ವೋಲ್ಟ್ ಕಿಕ್ ಬರುತ್ತೆ ಅನ್ನೋದನ್ನ ಮರೆತು ಯಾವುದೋ 60 ವೋಲ್ಟ್ ಟ್ರಾನ್ಸಿಸ್ಟರ್ ಹಾಕಿದರೆ ಮೊದಲ ಕಿಡಿಗೇ ಅದು ಹೋಗುತ್ತೆ.

2. ಪಾಯಿಂಟ್ ಇಲ್ಲದ ಕಿಟ್: ಕ್ಯಾಮ್ ಮೇಲೆ ಮ್ಯಾಗ್ನೆಟ್ ರಿಂಗ್, ಪಾಯಿಂಟ್ ಜಾಗದಲ್ಲಿ ಹಾಲ್ ಸೆನ್ಸರ್. ಉಜ್ಜೋ ಭಾಗವೇ ಇಲ್ಲ. ಶಾಫ್ಟ್ ಸ್ವಲ್ಪ ಅಲುಗಾಡಿದರೂ ಪಾಯಿಂಟ್‌ನಷ್ಟು ಟೈಮಿಂಗ್ ಕೆಡಲ್ಲ. ನಾವು ಆರಿಸಿದ್ದು ಇದನ್ನೇ. ಹಳೇ ಡಿಸ್ಟ್ರಿಬ್ಯೂಟರ್, ಕ್ಯಾಪ್, ರೋಟರ್ ಹಾಗೇ ಉಳಿಯುತ್ತೆ, ಹೊರಗಿಂದ ನೋಡಿದರೆ ಗೊತ್ತೂ ಆಗಲ್ಲ.

3. ಸಿಡಿಐ: ಬೈಕ್ ಓಡಿಸೋರಿಗೆ ಈ ಹೆಸರು ಗೊತ್ತು. ಇಲ್ಲಿ ಎನರ್ಜಿ ಕೂಡಿಡೋದು ಕಾಯಿಲ್‌ನಲ್ಲಲ್ಲ, 300–400 ವೋಲ್ಟ್‌ಗೆ ಚಾರ್ಜ್ ಮಾಡಿದ ಕೆಪಾಸಿಟರ್‌ನಲ್ಲಿ. ಹೈ ಆರ್‌ಪಿಎಂನಲ್ಲೂ ಕಿಡಿ ಸೊರಗಲ್ಲ. ಆದರೆ ಕಿಡಿ ಬಹಳ ಕಮ್ಮಿ ಹೊತ್ತು ಉರಿಯುತ್ತೆ. ನಿಧಾನಕ್ಕೆ ಓಡೋ ಫ್ಯಾಮಿಲಿ ಕಾರಿಗೆ ಇದರ ಅಗತ್ಯ ಕಾಣಲ್ಲ.

ಹಾಕೋದು ಹೇಗೆ?

ಕಿಟ್‌ನ ಜೊತೆ ಬರೋ ಪೇಪರೇ ಫೈನಲ್. ಸಾಮಾನ್ಯ ಕ್ರಮ ಹೀಗೆ:

1. ಬ್ಯಾಟರಿ ಮೈನಸ್ ತೆಗೆಯಿರಿ. ಅದಕ್ಕೂ ಮೊದಲು ಬಾಡಿಗೆ ಹೋಗಿರೋದು ಮೈನಸ್ಸೇ ಅಂತ ಖಚಿತ ಮಾಡಿಕೊಳ್ಳಿ. ತುಂಬಾ ಹಳೇ ಬ್ರಿಟಿಷ್ ಮೂಲದ ಗಾಡಿಗಳಲ್ಲಿ ಪ್ಲಸ್ ಅರ್ಥ್ ಇರುತ್ತಿತ್ತು, ಅದಕ್ಕೆ ಬೇರೆಯೇ ಕಿಟ್ ಬೇಕು.
2. ಮಲ್ಟಿಮೀಟರ್‌ನಲ್ಲಿ ಕಾಯಿಲ್ ಪ್ರೈಮರಿ ರೆಸಿಸ್ಟೆನ್ಸ್ ನೋಡಿ. 3 ಓಮ್ ಇದ್ದರೆ 4 ಆಂಪಿಯರ್. 1.5 ಓಮ್ ಕಾಯಿಲ್ ಆದರೆ 8 ಆಂಪಿಯರ್! ಅಂಥ ಕಾಯಿಲ್‌ಗೆ ಸೀರೀಸ್‌ನಲ್ಲಿ ಬ್ಯಾಲಸ್ಟ್ ರೆಸಿಸ್ಟರ್ ಇರಬೇಕು, ಇಲ್ಲಾಂದ್ರೆ ಅಷ್ಟು ಕರೆಂಟ್ ತಡೆಯೋ ಮಾಡ್ಯೂಲ್ ಇರಬೇಕು.
3. ಒಂದನೇ ಸಿಲಿಂಡರನ್ನ ಕಂಪ್ರೆಷನ್ ಸ್ಟ್ರೋಕ್‌ನ ಟಾಪ್‌ಗೆ ತಂದು, ರೋಟರ್ ಯಾವ ಕಡೆ ಮುಖ ಮಾಡಿದೆ ಅಂತ ಡಿಸ್ಟ್ರಿಬ್ಯೂಟರ್ ಬಾಡಿ ಮೇಲೆ ಗುರುತು ಹಾಕಿ. ಫೋನ್‌ನಲ್ಲಿ ಫೋಟೋನೂ ತೆಗೆದಿಡಿ.
4. ಪಾಯಿಂಟ್, ಕಂಡೆನ್ಸರ್ ಬಿಚ್ಚಿ. ಎಸೆಯಬೇಡಿ, ಕಾರಣ ಆಮೇಲೆ ಹೇಳ್ತೀನಿ.
5. ಪ್ಲೇಟ್‌ನ ಅರ್ಥ್ ವೈರ್ ಚೆಕ್ ಮಾಡಿ. ಮಾಡ್ಯೂಲ್‌ಗೂ ಅದೇ ಆಧಾರ.
6. ಸೆನ್ಸರ್, ಮ್ಯಾಗ್ನೆಟ್ ರಿಂಗ್ ಕೂರಿಸಿ. ಗ್ಯಾಪ್ ನೋಡೋಕೆ ಪ್ಲಾಸ್ಟಿಕ್ ಅಥವಾ ಹಿತ್ತಾಳೆ ಗೇಜ್ ಬಳಸಿ, ಸ್ಟೀಲ್ ಗೇಜ್ ಮ್ಯಾಗ್ನೆಟ್‌ಗೆ ಅಂಟಿಕೊಳ್ಳುತ್ತೆ.
7. ಎರಡು ವೈರಿನ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಕೆಂಪು ಕಾಯಿಲ್ ಪ್ಲಸ್‌ಗೆ, ಕಪ್ಪು ಕಾಯಿಲ್ ಮೈನಸ್‌ಗೆ. ಉಲ್ಟಾ ಆದರೆ ಮಾಡ್ಯೂಲ್ ಸುಡಬಹುದು. ಕೀ ಆನ್ ಮಾಡೋ ಮೊದಲು ಇನ್ನೊಬ್ಬರಿಗೆ ತೋರಿಸಿ.
8. ಟೈಮಿಂಗ್ ಲೈಟ್ ಹಿಡಿದು ಮ್ಯಾನುಯಲ್‌ನಲ್ಲಿರೋ ಡಿಗ್ರಿಗೆ ಟೈಮಿಂಗ್ ಮತ್ತೆ ಸೆಟ್ ಮಾಡಿ. ಸೆನ್ಸರ್ ಜಾಗ ಪಾಯಿಂಟ್ ಜಾಗಕ್ಕೆ ಸರಿಯಾಗಿ ಹೊಂದಿರಲ್ಲ, ಹಾಗಾಗಿ ಈ ಸ್ಟೆಪ್ ಬಿಟ್ಟರೆ ಮಾಡಿದ್ದೆಲ್ಲ ವೇಸ್ಟ್.

ಎಚ್‌ಟಿ ವೈರ್‌ಗಳನ್ನೂ ನೋಡಿ. ಬರೀ ತಾಮ್ರದ ಕೋರ್ ಇರೋ ಹಳೇ ವೈರ್‌ಗಳು ರೇಡಿಯೋ ನಾಯ್ಸ್ ಹರಡುತ್ತವೆ, ಅದು ಸೆನ್ಸರನ್ನು ಗೊಂದಲ ಮಾಡಬಹುದು. ರೆಸಿಸ್ಟೆನ್ಸ್ ಇರೋ ವೈರ್ ಹಾಕಿ. ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ಧೂಳು, ತೇವ ಸೇರಿದರೆ ಕಿಡಿ ಅದರ ಮೇಲೇ ಹರಿದು ಕಪ್ಪು ಗೆರೆ ಮೂಡಿಸುತ್ತೆ. ಗೆರೆ ಇರೋ ಕ್ಯಾಪ್ ಬದಲಾಯಿಸಿ.

ಮಾಡಬಾರದ್ದು

ಎಚ್‌ಟಿ ವೈರ್ ಕಿತ್ತು ಇಂಜಿನ್ ಬ್ಲಾಕ್ ಹತ್ತಿರ ಹಿಡಿದು ಕಿಡಿ ನೋಡೋದು ಗ್ಯಾರೇಜ್‌ಗಳ ಹಳೇ ಅಭ್ಯಾಸ. ಎಲೆಕ್ಟ್ರಾನಿಕ್ ಹಾಕಿದ ಗಾಡಿಯಲ್ಲಿ ಇದನ್ನ ಮಾಡಲೇಬೇಡಿ. ಕಿಡಿಗೆ ದಾರಿ ಸಿಗದಿದ್ದರೆ ಆ ವೋಲ್ಟೇಜ್ ಕಾಯಿಲ್ ಇನ್ಸುಲೇಷನ್, ಮಾಡ್ಯೂಲ್ ಎರಡನ್ನೂ ಹಾಳು ಮಾಡಬಹುದು. ಕೈಗೆ ಹೊಡೆಯೋ ಶಾಕ್ ಬೇರೆ. ಇಂಜಿನ್ ಆಫ್ ಇದ್ದಾಗ ಹಾಡು ಕೇಳೋಕೆ ಅಂತ ಕೀ ಆನ್ ಇಟ್ಟು ಕೂರಬೇಡಿ. ಕರೆಂಟ್ ತಾನೇ ನಿಲ್ಲಿಸೋ ವ್ಯವಸ್ಥೆ ಇಲ್ಲದ ಮಾಡ್ಯೂಲ್ ಆದರೆ ಕಾಯಿಲ್ ಕಾದು ಹೋಗುತ್ತೆ.

ನಷ್ಟವೂ ಇದೆ

ಎಲೆಕ್ಟ್ರಾನಿಕ್ ಅಂದ ಮಾತ್ರಕ್ಕೆ ಎಲ್ಲದರಲ್ಲೂ ಮುಂದೆ ಅಂತಲ್ಲ. ಕ್ಲೀನ್ ಪಾಯಿಂಟ್‌ನಲ್ಲಿ ಹೋಗೋದು 0.2 ವೋಲ್ಟ್‌ಗಿಂತ ಕಮ್ಮಿ. ಡಾರ್ಲಿಂಗ್‌ಟನ್ ಟ್ರಾನ್ಸಿಸ್ಟರ್‌ನಲ್ಲಿ 1 ವೋಲ್ಟ್ ಮೇಲೆ ಹೋಗುತ್ತೆ. ಹಾಗಾದರೆ ಸ್ಟಾರ್ಟಿಂಗ್ ಯಾಕೆ ಸುಧಾರಿಸುತ್ತೆ? ಸ್ಟಾರ್ಟ್ ಮಾಡುವಾಗ ಇಂಜಿನ್ ನಿಧಾನಕ್ಕೆ ತಿರುಗುತ್ತೆ, ಪಾಯಿಂಟ್ ಕೂಡ ನಿಧಾನಕ್ಕೆ ಬಿಡುತ್ತೆ, ಎನರ್ಜಿ ಆರ್ಕ್‌ನಲ್ಲಿ ಸೋರುತ್ತೆ. ಟ್ರಾನ್ಸಿಸ್ಟರ್ ಎಷ್ಟೇ ನಿಧಾನದಲ್ಲೂ ಒಂದೇ ಸ್ಪೀಡ್‌ನಲ್ಲಿ ಕಟ್ ಮಾಡುತ್ತೆ. ಒಂದು ಕಡೆ ಕಳೆದುಕೊಂಡಿದ್ದು ಇನ್ನೊಂದು ಕಡೆ ಸಿಗುತ್ತೆ.

ಇನ್ನೂ ದೊಡ್ಡ ವಿಷಯ: ಪಾಯಿಂಟ್ ಸಾಯೋದು ನಿಧಾನಕ್ಕೆ. ಮಿಸ್ಸಿಂಗ್, ಪಿಕಪ್ ಕಮ್ಮಿ ಅಂತ ವಾರಗಟ್ಟಲೆ ಮೊದಲೇ ಸೂಚನೆ ಕೊಡುತ್ತೆ. ದಾರಿಯಲ್ಲಿ ಕೆಟ್ಟರೂ ಉಪ್ಪುಕಾಗದದಲ್ಲಿ ಉಜ್ಜಿ ಮನೆ ಮುಟ್ಟಬಹುದು. ಮಾಡ್ಯೂಲ್ ಹಾಗಲ್ಲ, ಹೇಳದೆ ಕೇಳದೆ ಹೋಗುತ್ತೆ. ನಮ್ಮ ಬೇಸಿಗೆಯಲ್ಲಿ ಬಾನೆಟ್ ಒಳಗಿನ ಬಿಸಿ ಸೆಮಿಕಂಡಕ್ಟರ್‌ಗೆ ಒಳ್ಳೇದಲ್ಲ. ಸಂಡೂರು ಘಾಟಿಯಲ್ಲೋ ಕಂಪ್ಲಿ ರೋಡ್‌ನಲ್ಲೋ ರಾತ್ರಿ ಹಾಗೆ ಆದರೆ ಹೊಸ ಮಾಡ್ಯೂಲ್ ಎಲ್ಲಿಂದ ತರೋದು?

ಅದಕ್ಕೇ ಬಿಚ್ಚಿದ ಪಾಯಿಂಟ್ ಎಸೆಯಬೇಡಿ ಅಂದಿದ್ದು. ಒಂದು ಸೆಟ್ ಪಾಯಿಂಟ್, ಕಂಡೆನ್ಸರ್, ಫೀಲರ್ ಗೇಜ್, ಸಣ್ಣ ಸ್ಕ್ರೂಡ್ರೈವರ್, ಟಾರ್ಚ್ ಒಂದು ಡಬ್ಬಿಯಲ್ಲಿ ಹಾಕಿ ಡಿಕ್ಕಿಯಲ್ಲಿಡಿ. ಅದನ್ನ ಹಾಕೋದು ಮನೆ ಮುಂದೆ ನಿಲ್ಲಿಸಿ ಒಂದು ಸಲ ಪ್ರಾಕ್ಟೀಸ್ ಮಾಡಿ. ಮಾವನಿಗೆ ನಾನು ಹಾಕಿದ ಕಂಡೀಷನ್ ಇದೇ. ಅವರು ಈಗ ನನಗಿಂತ ಬೇಗ ಮಾಡ್ತಾರೆ.

ಕೊನೆಯದಾಗಿ

ನಿಮ್ಮ ಮನೆಯಲ್ಲೂ ಇಂಥ ಗಾಡಿ ಇದ್ದರೆ ಈ ಕ್ರಮದಲ್ಲಿ ಹೋಗಿ. ಮೊದಲು ಬ್ಯಾಟರಿ, ಅರ್ಥ್, ಪ್ಲಗ್, ಎಚ್‌ಟಿ ವೈರ್, ಕ್ಯಾಪ್. ಆಮೇಲೆ ಪಾಯಿಂಟ್‌ನ ವೋಲ್ಟೇಜ್ ಡ್ರಾಪ್. ಆಮೇಲೆ ಶಾಫ್ಟ್ ಅಲುಗಾಟ. ಶಾಫ್ಟ್ ಗಟ್ಟಿ ಇದ್ದು, ಆಗಾಗ ಗ್ಯಾಪ್ ನೋಡೋ ತಾಳ್ಮೆ ಇದ್ದರೆ ಪಾಯಿಂಟೇ ಸಾಕು. ಶಾಫ್ಟ್ ಆಡ್ತಿದ್ದರೆ, ಅಥವಾ ಗಾಡಿ ಓಡಿಸೋರು ಬಾನೆಟ್ ಎತ್ತೋರಲ್ಲದಿದ್ದರೆ, ಕಿಟ್ ಹಾಕಿಸಿ. ಹಾಳಾದ ಅರ್ಥ್ ವೈರನ್ನ ಯಾವ ಕಿಟ್ಟೂ ರಿಪೇರಿ ಮಾಡಲ್ಲ.

ಡೌಟ್ ಇದ್ದರೆ ಕ್ಲಬ್ ರೂಮ್‌ಗೆ ಬನ್ನಿ, ಆ ಹಳೇ ಪಾಯಿಂಟ್ ಸೆಟ್ ತಂದಿದ್ದೀನಿ. ಗುಂಡಿ ಯಾವ ಕಡೆ, ಗುಬ್ಬಿ ಯಾವ ಕಡೆ ಅಂತ ಕಣ್ಣಾರೆ ನೋಡಬಹುದು.